ಬೇಡಿಯೋ, ಮದ್ದೋ?

ನಮ್ಮ ಬಡಾವಣೆಯ ಪಾರ್ಕಿನಲ್ಲಿ ಒಂದು ಕಲ್ಲುಬೆಂಚಿದೆ. ಬೆಳಗಿನ ವಾಯುವಿಹಾರ ಮುಗಿಸಿದ ನಾಲ್ಕೈದು ಮಂದಿ ನಿವೃತ್ತರು ಅಲ್ಲಿ ಕುಳಿತು ಒಂದೇ ಪತ್ರಿಕೆಯನ್ನು ಹಾಳೆ ಹಾಳೆಯಾಗಿ ಹಂಚಿಕೊಂಡು ಓದುತ್ತೇವೆ. ಓದಿದ ಮೇಲೆ ದೇಶವನ್ನು ಆಳುತ್ತೇವೆ. ಮೊನ್ನೆ ಯಾವುದೋ ಕಾಲೇಜಿನ ಬಳಿ ಮಾದಕ ವಸ್ತು ಮಾರುತ್ತಿದ್ದವರನ್ನು ಪೊಲೀಸರು ಹಿಡಿದ ಸುದ್ದಿ ಬಂದಿತ್ತು. ನಮ್ಮಲ್ಲಿ ಹಿರಿಯರಾದ ಇಂಜಿನಿಯರರು ಕನ್ನಡಕ ತೆಗೆದು, “ಸಿಂಗಪುರದವರ ಹಾಗೆ ಹತ್ತು ಜನರನ್ನು ನೇಣಿಗೆ ಹಾಕಲಿ, ಸ್ವಾಮಿ. ಆರು ತಿಂಗಳಲ್ಲಿ ಊರು ಶುದ್ಧವಾಗುತ್ತದೆ” ಎಂದರು. ಪರದೇಶದಿಂದ ರಜಕ್ಕೆ ಬಂದಿದ್ದ ಅವರ ಅಳಿಯ ನಕ್ಕು, “ಅದೆಲ್ಲ ಹಳೆಯ ಕಾಲದ ಮಾತು, ಮಾವ. ಪೋರ್ಚುಗಲ್ಲಿನಲ್ಲಿ ಎಲ್ಲವನ್ನೂ ಬಿಟ್ಟುಬಿಟ್ಟಿದ್ದಾರೆ, ಏನೂ ಆಗಿಲ್ಲ” ಎಂದರು. ಇಬ್ಬರೂ ತೀರ್ಪಿಗಾಗಿ ನನ್ನ ಕಡೆ ನೋಡಿದರು. ನಾನು ಸುಮ್ಮನಿದ್ದೆ. ಸುಮ್ಮನಿದ್ದದ್ದು ತಪ್ಪಾಯಿತು. ಇಬ್ಬರು ಹೇಳಿದ್ದೂ ಸರಿಯಲ್ಲ. ಸರಿಯಲ್ಲದ ಮಾತುಗಳನ್ನು ನಾವು ಇಷ್ಟು ಧೈರ್ಯದಿಂದ ಆಡುತ್ತಿರುವಾಗ ಅತ್ತ ಮಕ್ಕಳು ಸಾಯುತ್ತಿದ್ದಾರೆ. ಅಂದು ಹೇಳದೆ ಉಳಿದದ್ದನ್ನು ಇಲ್ಲಿ ಹೇಳುತ್ತೇನೆ.

ಮಕ್ಕಳು ಸಾಯುತ್ತಿದ್ದಾರೆ ಎಂದದ್ದು ಅಲಂಕಾರಕ್ಕಲ್ಲ. ನಮ್ಮ ಹಿಂದಿನ ಬೀದಿಯಲ್ಲಿ ಒಬ್ಬ ಹುಡುಗನಿದ್ದ. ಚಿಕ್ಕಂದಿನಲ್ಲಿ ನಮ್ಮ ಮನೆಗೆ ಲೆಕ್ಕ ಹೇಳಿಸಿಕೊಳ್ಳಲು ಬರುತ್ತಿದ್ದವನು. ಕೆಲವು ವರ್ಷಗಳ ಕೆಳಗೆ ಒಂದು ರಾತ್ರಿ ಸ್ನೇಹಿತರ ಕೋಣೆಯಲ್ಲಿ ಪ್ರಮಾಣ ಮೀರಿ ಏನನ್ನೋ ಚುಚ್ಚಿಕೊಂಡು ಉಸಿರಾಟ ನಿಧಾನವಾಗುತ್ತ ಬಂತು. ಜೊತೆಯಲ್ಲಿದ್ದ ಇಬ್ಬರು ಮುಖಕ್ಕೆ ನೀರು ಹಾಕಿದರು, ಕೆನ್ನೆ ತಟ್ಟಿದರು, ಕಾದರು. ಫೋನು ಕೈಯಲ್ಲೇ ಇತ್ತು; ಕರೆ ಮಾಡಲಿಲ್ಲ. ಆಂಬುಲೆನ್ಸಿನ ಹಿಂದೆ ಪೊಲೀಸರು ಬರುತ್ತಾರೆ, ಪೊಲೀಸರು ಬಂದರೆ ಕೇಸು, ಕೇಸಾದರೆ ಓದೂ ಇಲ್ಲ, ಉದ್ಯೋಗವೂ ಇಲ್ಲ ಎಂಬ ಭಯ. ಕೊನೆಗೆ ಬೆಳಗಿನ ಜಾವ ಆಟೋದಲ್ಲಿ ತಂದು ಒಂದು ಆಸ್ಪತ್ರೆಯ ಬಾಗಿಲಲ್ಲಿ ಮಲಗಿಸಿ ಓಡಿಹೋದರು. ಒಂದು ಗಂಟೆ ಮೊದಲು ಬಂದಿದ್ದರೆ ಉಳಿಯುತ್ತಿದ್ದ ಎಂದು ವೈದ್ಯರು ಅವನ ತಾಯಿಗೆ ಹೇಳಿದರು. ಆ ತಾಯಿ ಈಗಲೂ ನನ್ನನ್ನು ಕೇಳುವುದು ಪುಡಿ ಮಾರಿದವನು ಯಾರೆಂದಲ್ಲ, “ಆ ಹುಡುಗರು ಯಾಕೆ ಫೋನು ಮಾಡಲಿಲ್ಲ, ಮೇಷ್ಟ್ರೆ?” ಎಂದು. ಈ ಲೇಖನದಲ್ಲಿ ದೇಶದಿಂದ ದೇಶಕ್ಕೆ ಹೋಗುವುದೆಲ್ಲ ಆ ಒಂದು ಪ್ರಶ್ನೆಗಾಗಿ.

ಮೊದಲು ಅಳಿಯಂದಿರ ಪೋರ್ಚುಗಲ್ಲು. 1990ರ ದಶಕದ ಕೊನೆಗೆ, ಒಂದು ಕೋಟಿ ಜನರ ಆ ನಾಡಿನಲ್ಲಿ ಸುಮಾರು ಒಂದು ಲಕ್ಷ ಮಂದಿ ಹೆರಾಯಿನ್ನಿನ ಹಿಡಿತದಲ್ಲಿದ್ದರೆಂದು ಅಂದಾಜು. ಒಂದೇ ಸೂಜಿಯನ್ನು ಹತ್ತು ಜನ ಹಂಚಿಕೊಂಡು ಎಚ್.ಐ.ವಿ. ಸೋಂಕು ಹರಡುತ್ತಿತ್ತು. ಅಷ್ಟು ದಿನವೂ ಅಲ್ಲಿ ಕಾನೂನಿಗೆ, ಜೈಲಿಗೆ ಕೊರತೆಯಿರಲಿಲ್ಲ. 1998ರಲ್ಲಿ ಸರಕಾರ ತಜ್ಞರ ಸಮಿತಿಯೊಂದನ್ನು ನೇಮಿಸಿತು. ಜೊಆವ್ ಗುಲಾವ್ ಎಂಬ ವೈದ್ಯರೂ ಅದರಲ್ಲಿದ್ದರು. ಆ ಸಮಿತಿಯ ಸಲಹೆಯಂತೆ ರಚಿಸಿದ ಕಾನೂನು 2001ರ ಜುಲೈ 1ರಿಂದ ಜಾರಿಗೆ ಬಂತು.

ಆ ಕಾನೂನು ‘ಎಲ್ಲವನ್ನೂ ಬಿಟ್ಟುಬಿಟ್ಟಿತು’ ಎಂಬುದು ಶುದ್ಧ ಸುಳ್ಳು. ಮಾರುವವನಿಗೆ, ಸಾಗಿಸುವವನಿಗೆ ಅಲ್ಲಿ ಅಂದೂ ಜೈಲು, ಇಂದೂ ಜೈಲು. ಬದಲಾದದ್ದು ಸೇವಿಸುವವನ ಪಾಡು. ಹತ್ತು ದಿನದ ಸ್ವಂತ ಬಳಕೆಗೆ ಆಗುವಷ್ಟರೊಳಗೆ ಸಿಕ್ಕರೆ ವಸ್ತುವನ್ನು ಕಿತ್ತುಕೊಳ್ಳುತ್ತಾರೆ. ಆದರೆ ಆಸಾಮಿಯನ್ನು ನ್ಯಾಯಾಲಯಕ್ಕೆ ಎಳೆಯುವುದಿಲ್ಲ. ಕಾನೂನು, ಆರೋಗ್ಯ, ಸಮಾಜಸೇವೆ ಬಲ್ಲ ಮೂವರ ಒಂದು ಮಂಡಲಿಯ ಮುಂದೆ ಕೂರಿಸುತ್ತಾರೆ. ಎಂದೋ ಒಮ್ಮೆ ಸೇದಿದವನೋ, ಬಿಡಲಾರದೆ ಸಿಕ್ಕಿಬಿದ್ದವನೋ ಎಂದು ಅವರು ವಿಚಾರಿಸುತ್ತಾರೆ. ಮೊದಲನೆಯವನಿಗೆ ಬುದ್ಧಿ ಹೇಳಿ ಕಳುಹಿಸುತ್ತಾರೆ. ಎರಡನೆಯವನಿಗೆ ಚಿಕಿತ್ಸೆಯ ಬಾಗಿಲು ತೋರಿಸುತ್ತಾರೆ. ಆ ಬಾಗಿಲ ಹಿಂದೆ ನಿಜವಾಗಿ ಆಸ್ಪತ್ರೆಯಿತ್ತು, ವೈದ್ಯರಿದ್ದರು, ಮೆಥಡೋನ್ ಇತ್ತು, ಶುದ್ಧ ಸೂಜಿಯಿತ್ತು ಎಂಬುದೇ ಮುಖ್ಯವಾದ ಸಂಗತಿ.

ಫಲವೇನಾಯಿತು? ಚುಚ್ಚಿಕೊಳ್ಳುವವರಲ್ಲಿ ಹೊಸದಾಗಿ ಎಚ್.ಐ.ವಿ. ಸೋಂಕು ಕಂಡವರು 2001ರಲ್ಲಿ ಸಾವಿರಕ್ಕೂ ಮಿಕ್ಕಿ ಇದ್ದರು. 2017ರ ವೇಳೆಗೆ ಇಪ್ಪತ್ತಕ್ಕೂ ಕಡಿಮೆ. ಸೆರೆಮನೆಗಳಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿ ಮಾದಕ ವಸ್ತುವಿನ ಅಪರಾಧಿಗಳೇ ಆಗಿದ್ದ ಕಾಲ ಹೋಗಿ, ಒಂದು ದಶಕದೊಳಗೆ ಆ ಸಂಖ್ಯೆ ಸುಮಾರು ಅರ್ಧಕ್ಕೆ ಇಳಿಯಿತು. ದೇಶವೆಲ್ಲ ಅಮಲಿನಲ್ಲಿ ತೇಲುತ್ತದೆ ಎಂದು ಭವಿಷ್ಯ ನುಡಿದವರ ಮಾತು ಸುಳ್ಳಾಯಿತು.

ಇದರ ಎದುರಿಗೆ ಸ್ವೀಡನ್ನನ್ನು ಇಡುತ್ತೇನೆ. ಬೇಕೆಂದೇ ಆರಿಸಿದ್ದೇನೆ; ಏಕೆಂದರೆ ಅದು ಕ್ರೂರ ದೇಶವಲ್ಲ, ಬಡ ದೇಶವೂ ಅಲ್ಲ; ಜನಸಂಖ್ಯೆ ಅಲ್ಲಿಯೂ ಒಂದು ಕೋಟಿಯ ಆಸುಪಾಸು. ಮಾದಕ ವಸ್ತುವಿಲ್ಲದ ಸಮಾಜವೇ ತನ್ನ ಗುರಿಯೆಂದು ಆ ದೇಶ ಸಾರಿತು. 1988ರಲ್ಲಿ ಸೇವನೆಯನ್ನೇ ಅಪರಾಧ ಮಾಡಿತು. 1993ರಲ್ಲಿ ಅದಕ್ಕೆ ಜೈಲುಶಿಕ್ಷೆಯನ್ನೂ ಸೇರಿಸಿ, ಸಂಶಯ ಬಂದವರ ರಕ್ತ ಮೂತ್ರಗಳನ್ನು ಪರೀಕ್ಷಿಸುವ ಅಧಿಕಾರವನ್ನು ಪೊಲೀಸರಿಗೆ ಕೊಟ್ಟಿತು. ಸೂಜಿ ಕೊಡುವುದೆಂದರೆ ಚಟಕ್ಕೆ ಒಪ್ಪಿಗೆ ಕೊಟ್ಟಂತೆ ಎಂಬ ನೈತಿಕ ಸಂಕೋಚದಿಂದ ರಾಜಧಾನಿಯಾದ ಸ್ಟಾಕ್‌ಹೋಮಿನಲ್ಲಿ ಶುದ್ಧ ಸೂಜಿಯ ಕೇಂದ್ರ ತೆರೆಯುವುದಕ್ಕೆ 2013ರವರೆಗೆ ಕಾಯಬೇಕಾಯಿತು. ನ್ಯಾಯವಾಗಿ ಹೇಳಬೇಕಾದ್ದನ್ನು ಹೇಳಿಬಿಡುತ್ತೇನೆ: ಗಾಂಜಾ ಸೇದುವ ಯುವಕರ ಪ್ರಮಾಣ ಯೂರೋಪಿನ ಅನೇಕ ದೇಶಗಳಿಗಿಂತ ಸ್ವೀಡನ್ನಿನಲ್ಲಿ ಕಡಿಮೆ. ನಿಷೇಧವಾದಿಗಳು ಈ ಅಂಕಿಯನ್ನು ಧ್ವಜದಂತೆ ಎತ್ತಿ ಹಿಡಿಯುತ್ತಾರೆ.

ಆದರೆ ಎಣಿಸಬೇಕಾದದ್ದು ಸೇದಿದವರನ್ನೋ, ಸತ್ತವರನ್ನೋ? 2017ರಲ್ಲಿ, ಹದಿನೈದರಿಂದ ಅರವತ್ತನಾಲ್ಕು ವರ್ಷದೊಳಗಿನವರಲ್ಲಿ, ಐರೋಪ್ಯ ಒಕ್ಕೂಟದ ಸರಾಸರಿಯಂತೆ ಮಾದಕ ವಸ್ತುವಿನಿಂದ ಸತ್ತವರು ಹತ್ತು ಲಕ್ಷಕ್ಕೆ 22 ಮಂದಿ. ಸ್ವೀಡನ್ನಿನಲ್ಲಿ 92. ಪೋರ್ಚುಗಲ್ಲಿನಲ್ಲಿ ಹತ್ತಕ್ಕೂ ಕಡಿಮೆ. ಸಾವನ್ನು ದಾಖಲಿಸುವ ಕ್ರಮ ದೇಶದಿಂದ ದೇಶಕ್ಕೆ ಬೇರೆ, ಸ್ವೀಡನ್ನಿನವರು ಹೆಚ್ಚು ಶ್ರದ್ಧೆಯಿಂದ ಎಣಿಸುತ್ತಾರೆ ಎಂಬ ಆಕ್ಷೇಪಣೆ ಇದೆ. ಅದರಲ್ಲಿ ಸತ್ಯಾಂಶವೂ ಇದೆ. ಆದರೆ ಎಷ್ಟು ರಿಯಾಯಿತಿ ಕೊಟ್ಟರೂ ಒಂಬತ್ತು ಪಟ್ಟಿನ ಅಂತರ ಬರಿಯ ಗುಮಾಸ್ತಿಕೆಯಿಂದ ಹುಟ್ಟುವುದಿಲ್ಲ. ಅಮಲಿನ ವಸ್ತು ಮುಟ್ಟಿದವರು ಕಡಿಮೆ, ಮುಟ್ಟಿದವರಲ್ಲಿ ಸತ್ತವರು ಹೆಚ್ಚು: ಇದು ಸ್ವೀಡನ್ನಿನ ಲೆಕ್ಕ. ಕಾನೂನಿಗೆ ಹೆದರಿ ಬಚ್ಚಿಟ್ಟುಕೊಂಡವನನ್ನು ವೈದ್ಯನೂ ಕಾಣಲಾರ. ಆ ದೇಶವೇ ಈಗ ಸೂಜಿ ಕೇಂದ್ರಗಳನ್ನು ಹೆಚ್ಚಿಸಿ, ನಿಂತ ಉಸಿರನ್ನು ಮರಳಿಸುವ ನಾಲೋಕ್ಸೋನ್ ಔಷಧವನ್ನು ವ್ಯಸನಿಗಳ ಕೈಗೂ ಕೊಡಲು ತೊಡಗಿದೆ.

ಇದೆಲ್ಲ ಎಡಪಂಥದವರ ಮೃದುಮನಸ್ಸು ಎನ್ನುವವರಿಗೆ ಸ್ವಿಟ್ಸರ್‌ಲೆಂಡಿನ ಉದಾಹರಣೆ ಸಾಕು. ಅಲ್ಲಿನವರು ಹಣವನ್ನೂ ಗಡಿಯಾರವನ್ನೂ ಅಚ್ಚುಕಟ್ಟಾಗಿ ಕಾಯುವ ಗೃಹಸ್ಥರು. ಹೊಸದನ್ನು ಅವಸರದಲ್ಲಿ ಒಪ್ಪುವವರಲ್ಲ. ಜೇಮ್ಸ್ ಜಾಯ್ಸ್ ಕೊನೆಯುಸಿರೆಳೆದ ಜ್ಯೂರಿಕ್ ನಗರದಲ್ಲಿ, ರೈಲ್ವೆ ನಿಲ್ದಾಣದ ಪಕ್ಕದಲ್ಲೇ, ಪ್ಲಾಟ್ಸ್‌ಸ್ಪಿಟ್ಸ್ ಎಂಬ ಸೊಗಸಾದ ಉದ್ಯಾನವಿದೆ. 1980ರ ದಶಕದ ಕೊನೆಗೆ ಅದು ಹಾಡುಹಗಲೇ ಚುಚ್ಚಿಕೊಳ್ಳುವವರ ಸಂತೆಯಾಗಿ ‘ಸೂಜಿ ಪಾರ್ಕು’ ಎಂದು ಜಗತ್ತಿಗೆಲ್ಲ ಹೆಸರಾಯಿತು. 1992ರಲ್ಲಿ ಪೊಲೀಸರು ಅದಕ್ಕೆ ಬೀಗ ಹಾಕಿದರು. ಸಂತೆ ಲೆಟ್ಟೆನ್ ಎಂಬ ಹಳೆಯ ನಿಲ್ದಾಣಕ್ಕೆ ಹೋಯಿತು. 1995ರಲ್ಲಿ ಅದನ್ನೂ ಮುಚ್ಚಿದರು. ಆದರೆ ಈ ಸಲ ಚದುರಿದವರಿಗೆ ಹೋಗಲು ಜಾಗವಿತ್ತು: 1994ರಿಂದಲೇ, ಬೇರೆ ಯಾವ ಚಿಕಿತ್ಸೆಗೂ ಬಗ್ಗದ ಹಳೆಯ ವ್ಯಸನಿಗಳಿಗೆ ವೈದ್ಯರ ಕಣ್ಣೆದುರಿಗೇ ಅಳತೆ ಮಾಡಿದ ಹೆರಾಯಿನ್ ಕೊಡುವ ಚಿಕಿತ್ಸಾಲಯಗಳು ಆರಂಭವಾಗಿದ್ದುವು. ತಡೆ, ಚಿಕಿತ್ಸೆ, ಹಾನಿ ತಗ್ಗಿಸುವಿಕೆ, ಪೊಲೀಸು ಎಂಬ ನಾಲ್ಕು ಕಂಬಗಳ ಈ ಪದ್ಧತಿಯನ್ನು ಸಚಿವೆ ರುತ್ ಡ್ರೈಫಸ್ ಜನರ ಮುಂದೆ ನಿಂತು ಸಮರ್ಥಿಸಿದರು. ವರ್ಷಕ್ಕೆ ನಾನೂರರ ಹತ್ತಿರವಿದ್ದ ಸಾವುಗಳು ಮುಂದೆ ಅರ್ಧಕ್ಕೂ ಕೆಳಗಿಳಿದುವು. 2008ರ ನವೆಂಬರ್ 30ರಂದು ಇದನ್ನು ಜನಮತಕ್ಕೆ ಇಟ್ಟಾಗ ನೂರಕ್ಕೆ 68 ಮಂದಿ ಬೇಕೆಂದರು. ಅದೇ ದಿನ, ಗಾಂಜಾ ಸೇವನೆಯನ್ನು ಶಿಕ್ಷೆಯಿಂದ ಪಾರು ಮಾಡಬೇಕೆಂಬ ಇನ್ನೊಂದು ಪ್ರಸ್ತಾಪವನ್ನು ನೂರಕ್ಕೆ 63 ಮಂದಿ ತಳ್ಳಿಹಾಕಿದರು! ಅಂದರೆ ಅವರು ಚಟಕ್ಕೆ ಒಪ್ಪಿಗೆ ಕೊಡಲಿಲ್ಲ. ರೋಗಿಗೆ ಮದ್ದು ಕೊಡಲು ಒಪ್ಪಿದರು. ಈ ಎರಡರ ಭೇದ ತಿಳಿದವರು ಅಲ್ಲಿನ ಸಾಮಾನ್ಯ ಮತದಾರರು; ನಮ್ಮಲ್ಲಿ ಪದವೀಧರರಿಗೂ ತಿಳಿಯದಾಗಿದೆ.

ಇನ್ನು ಇಂಜಿನಿಯರರ ಸಿಂಗಪುರ. ಪೂರ್ವಪಕ್ಷವನ್ನು ದುರ್ಬಲಮಾಡಿ ಗೆಲ್ಲುವುದು ನನಗೆ ಬೇಡ. ಸಿಂಗಪುರದಲ್ಲಿ ಮಾದಕ ವಸ್ತುವಿನ ಬಳಕೆ ನಿಜವಾಗಿಯೂ ಕಡಿಮೆ. ಬೀದಿಗಳು ನಿಜವಾಗಿಯೂ ಶುದ್ಧ. ಹದಿನೈದು ಗ್ರಾಂ ಹೆರಾಯಿನ್‌ಗಿಂತ ಹೆಚ್ಚು ಸಾಗಿಸಿದವನಿಗೆ ಅಲ್ಲಿ ನೇಣು. ಆದರೆ ಆ ದೇಶದ ಇಡೀ ವಿಸ್ತೀರ್ಣ ಹೆಚ್ಚುಕಡಮೆ ನಮ್ಮ ಬೆಂಗಳೂರು ನಗರದಷ್ಟು, ಸುತ್ತ ಕಡಲು, ಭೂಮಾರ್ಗಕ್ಕೆ ಎರಡು ಸೇತುವೆ. ನಮ್ಮ ಪಶ್ಚಿಮ ಕರಾವಳಿಯನ್ನೂ ಪಂಜಾಬಿನ ಗಡಿಯನ್ನೂ ಮಣಿಪುರದ ಕಾಡನ್ನೂ ಆ ಅಳತೆಗೋಲಿನಿಂದ ಅಳೆಯಲಾದೀತೆ? ಬರಿಯ ಸೇವನೆಗೆ ಸಿಕ್ಕಿಬಿದ್ದವರನ್ನು ಬಹುಮಟ್ಟಿಗೆ ಸಿಂಗಪುರವೂ ಪುನರ್ವಸತಿ ಕೇಂದ್ರಕ್ಕೆ ಕಳುಹಿಸುತ್ತದೆ ಎಂಬುದನ್ನು ನೇಣಿನ ಭಕ್ತರು ಹೇಳುವುದಿಲ್ಲ. ನೇಣೇ ಕಾರಣವಾದರೆ ಹಾಂಗ್‌ಕಾಂಗಿನ ಗತಿ ಏನಾಗಬೇಕಿತ್ತು? ಅದೂ ಕಿಕ್ಕಿರಿದ ಬಂದರು ನಗರ, ಅಫೀಮಿನ ಚರಿತ್ರೆಯಲ್ಲೇ ಹುಟ್ಟಿದ ನಗರ. ಅಲ್ಲಿ 1966ರ ನಂತರ ಯಾರನ್ನೂ ನೇಣಿಗೆ ಹಾಕಿಲ್ಲ. ಕಾನೂನು ಅಲ್ಲಿಯೂ ಬಿಗಿಯೇ, ಆದರೆ 1970ರ ದಶಕದಿಂದಲೂ ಬೀದಿಯಿಂದ ನೇರವಾಗಿ ಒಳಬಂದವನಿಗೆ ಮೆಥಡೋನ್ ಕೊಡುವ ಚಿಕಿತ್ಸಾಲಯಗಳಿವೆ, ಚುಚ್ಚಿಕೊಳ್ಳುವವರಲ್ಲಿ ಎಚ್.ಐ.ವಿ. ಅಲ್ಲಿ ತಲೆಯೆತ್ತಲಿಲ್ಲ.

ನೇಣಿಗೂ ಮುಂದೆ ಹೋಗಿ ಗುಂಡಿಗೆ ಕೈಹಾಕಿದವರ ಕಥೆ ಇನ್ನೂ ಘೋರ. ಥಾಯ್ಲೆಂಡಿನಲ್ಲಿ 2003ರ ಮೂರು ತಿಂಗಳ ‘ಯುದ್ಧ’ದಲ್ಲಿ ಎರಡೂವರೆ ಸಾವಿರಕ್ಕೂ ಹೆಚ್ಚು ಮಂದಿ ಸತ್ತರು, ಸತ್ತವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿಗೆ ಮಾದಕ ವಸ್ತುವಿನ ಸಂಬಂಧವೇ ಇರಲಿಲ್ಲವೆಂದು ಆ ದೇಶದ್ದೇ ತನಿಖಾ ಸಮಿತಿ ಆಮೇಲೆ ಕಂಡುಕೊಂಡಿತು. ಫಿಲಿಪ್ಪೀನ್ಸಿನಲ್ಲಿ 2016ರಿಂದ ಪೊಲೀಸರ ಲೆಕ್ಕದಲ್ಲೇ ಆರು ಸಾವಿರಕ್ಕೂ ಹೆಚ್ಚು ಹೆಣ. ಅದನ್ನು ನಡೆಸಿದ ಅಧ್ಯಕ್ಷ ದುತೆರ್ತೆಯವರನ್ನು 2025ರ ಮಾರ್ಚಿಯಲ್ಲಿ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯದ ವಾರಂಟಿನ ಮೇಲೆ ಹೇಗ್ ನಗರಕ್ಕೆ ಒಯ್ಯಲಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂಬ ಗಾದೆಗೆ ಇದಕ್ಕಿಂತ ರಕ್ತಮಯವಾದ ಉದಾಹರಣೆ ನನಗೆ ಗೊತ್ತಿಲ್ಲ.

ಇಷ್ಟು ಹೇಳಿ ಮುಗಿಸಿದರೆ ನಾನೂ ಅಳಿಯಂದಿರ ಪಕ್ಷದ ವಕೀಲನಾದೇನು. ಬಿಡುವುದರಿಂದಲೇ ಎಲ್ಲ ಸರಿಹೋಗುತ್ತದೆ ಎಂಬುದೂ ಅಷ್ಟೇ ದೊಡ್ಡ ಭ್ರಮೆ. ಅಮೆರಿಕದ ಆರೆಗನ್ ಸಂಸ್ಥಾನದವರು 2020ರಲ್ಲಿ ಮತ ಹಾಕಿ, 2021ರ ಫೆಬ್ರವರಿಯಿಂದ ಸಣ್ಣ ಪ್ರಮಾಣವನ್ನು ಇಟ್ಟುಕೊಳ್ಳುವುದಕ್ಕೆ ನೂರು ಡಾಲರ್ ದಂಡ ಮಾತ್ರ ಎಂದು ಮಾಡಿದರು. ಒಂದು ಫೋನು ನಂಬರಿಗೆ ಕರೆ ಮಾಡಿದರೆ ಅದೂ ಮಾಫಿ. ಪೊಲೀಸನ ಕೈ ಬಿಡಿಸಿದರು. ವೈದ್ಯನ ಕೈ ಮಾತ್ರ ಸಕಾಲಕ್ಕೆ ಬರಲಿಲ್ಲ. ಚಿಕಿತ್ಸೆಯ ಹಣ ತಡವಾಯಿತು. ಕರೆ ಮಾಡಿದವರು ವಿರಳ. ಅದೇ ವೇಳೆಗೆ ಫೆಂಟನಿಲ್ ಎಂಬ, ಸಾಸಿವೆ ಕಾಳಿನಷ್ಟಕ್ಕೇ ಪ್ರಾಣ ತೆಗೆಯುವ ವಿಷ ಬೀದಿಗೆ ಬಂತು. ಜನ ರೋಸಿ, 2024ರ ಸೆಪ್ಟೆಂಬರ್ 1ರಿಂದ ಮತ್ತೆ ಅದನ್ನು ಅಪರಾಧ ಮಾಡಲಾಯಿತು. ಥಾಯ್ಲೆಂಡೂ ಹಾಗೆಯೇ: ಗುಂಡಿನ ದೇಶ 2022ರಲ್ಲಿ ಒಮ್ಮೆಗೇ ಗಾಂಜಾವನ್ನು ಪಟ್ಟಿಯಿಂದ ತೆಗೆದು, ಅಂಗಡಿಗಳು ಅಣಬೆಯಂತೆ ಎದ್ದಮೇಲೆ 2025ರಲ್ಲಿ ವೈದ್ಯರ ಚೀಟಿ ಬೇಕೆಂದು ಹಿಂದೆ ಸರಿಯಿತು. ಪೋರ್ಚುಗಲ್ ಕೂಡ ಎಡವಿತು. ಹಣದ ಮುಗ್ಗಟ್ಟಿನಲ್ಲಿ 2012ರಲ್ಲಿ ಚಿಕಿತ್ಸೆಯ ಕೇಂದ್ರ ಸಂಸ್ಥೆಯನ್ನೇ ಒಡೆದು ಹಂಚಿತು. ಹೊಳೆ ದಾಟಿದ ಮೇಲೆ ಅಂಬಿಗನನ್ನು ಮರೆತಂತಾಯಿತು. ಈಚಿನ ವರ್ಷಗಳಲ್ಲಿ ಪೋರ್ಟೊ, ಲಿಸ್ಬನ್ ನಗರಗಳ ಕೆಲವು ಬೀದಿಗಳಲ್ಲಿ ಸೂಜಿಗಳು ಮತ್ತೆ ಕಾಣತೊಡಗಿದುವು. ಕಾನೂನು ಅದೇ ಇತ್ತು, ಕಡಿಮೆಯಾದದ್ದು ಶುಶ್ರೂಷೆ.

ವ್ಯಾಪಾರಕ್ಕೆ ಬಿಟ್ಟರೂ ಅನಾಹುತವೇ. ಅಮೆರಿಕದಲ್ಲಿ ಇಂದಿನ ಮಹಾಮಾರಿಗೆ ನಾಂದಿ ಹಾಡಿದ್ದು ಕತ್ತಲ ಓಣಿಯ ಕಳ್ಳನಲ್ಲ. 1996ರಿಂದ ವೈದ್ಯರ ಮೂಲಕವೇ ನೋವಿನ ಮಾತ್ರೆಗಳನ್ನು ಯಥೇಚ್ಛವಾಗಿ ಮಾರಿದ ಔಷಧ ಕಂಪನಿ. 2022ರ ಒಂದೇ ವರ್ಷ ಅಲ್ಲಿ ಅತಿಪ್ರಮಾಣದಿಂದ ಸತ್ತವರು ಒಂದು ಲಕ್ಷ ಏಳು ಸಾವಿರಕ್ಕೂ ಹೆಚ್ಚು. 1971ರಲ್ಲಿ ಅಧ್ಯಕ್ಷ ನಿಕ್ಸನ್ ಮಾದಕ ವಸ್ತುವನ್ನು ದೇಶದ ಮೊದಲ ಶತ್ರುವೆಂದು ಸಾರಿದ ಐವತ್ತು ವರ್ಷಗಳ ಮೇಲೆ!

ಹಾಗಾದರೆ ಪಾಠವೇನು? ಬಿಗಿಯೋ ಸಡಿಲವೋ ಎಂಬ ಪ್ರಶ್ನೆಯೇ ಅರ್ಧ ಪ್ರಶ್ನೆ. ಜೈಲಿನ ಭಯ ತೆಗೆದು ಚಿಕಿತ್ಸೆಯನ್ನು ಕೊಟ್ಟಲ್ಲಿ ಜನ ಬದುಕಿದರು. ಭಯ ತೆಗೆದು ಚಿಕಿತ್ಸೆ ಕೊಡದಿದ್ದಲ್ಲಿ ಬೀದಿ ಕೆಟ್ಟಿತು. ಭಯವನ್ನು ಉಳಿಸಿ ಚಿಕಿತ್ಸೆಯನ್ನು ತಡಮಾಡಿದಲ್ಲಿ ಜನ ಬಾಗಿಲು ಮುಚ್ಚಿಕೊಂಡು ಸತ್ತರು.

ನಮ್ಮ ಮನೆಯ ಲೆಕ್ಕಕ್ಕೆ ಬರುತ್ತೇನೆ. 1893ರಲ್ಲಿ ಬ್ರಿಟಿಷ್ ಸರಕಾರ ಗಾಂಜಾ ಭಂಗಿಗಳ ವಿಚಾರಣೆಗೆಂದು ಒಂದು ಆಯೋಗ ನೇಮಿಸಿತು. ಅದು ಹೆಚ್ಚುಕಡಮೆ ಸಾವಿರದ ಇನ್ನೂರು ಸಾಕ್ಷಿಗಳನ್ನು ಕೇಳಿ, ಪೂರ್ಣ ನಿಷೇಧ ಅಗತ್ಯವೂ ಅಲ್ಲ, ಉಚಿತವೂ ಅಲ್ಲ ಎಂದಿತು. ಪರಕೀಯರು ತಾಳ್ಮೆಯಿಂದ ಕೇಳಿ ಬರೆದ ಆ ಸಂಪುಟಗಳನ್ನು ಬದಿಗಿಟ್ಟು ನಾವು 1985ರಲ್ಲಿ ಕಠಿನ ಕಾನೂನು ಮಾಡಿದೆವು. ಅದರ 27ನೆಯ ವಿಧಿಯಂತೆ ಸೇವಿಸಿದವನಿಗೇ ಒಂದು ವರ್ಷದವರೆಗೆ ಜೈಲು. ಇಂಜಿನಿಯರರು ಬೇಡುವ ಮರಣದಂಡನೆಯೂ, ಮತ್ತೆ ಮತ್ತೆ ದೊಡ್ಡ ಪ್ರಮಾಣದಲ್ಲಿ ಸಾಗಿಸುವವರಿಗೆಂದು, 1989ರಿಂದಲೇ ಆ ಪುಸ್ತಕದಲ್ಲಿದೆ, ಊರು ಶುದ್ಧವಾಯಿತೆ? 2019ರಲ್ಲಿ ಕೇಂದ್ರ ಸರಕಾರ ಪ್ರಕಟಿಸಿದ ಸಮೀಕ್ಷೆಯಲ್ಲಿ ಅಫೀಮು, ಹೆರಾಯಿನ್ ಮೊದಲಾದುವನ್ನು ಬಳಸುವವರು 2 ಕೋಟಿ 26 ಲಕ್ಷ. ಅವರಲ್ಲಿ ಸುಮಾರು 77 ಲಕ್ಷ ಮಂದಿಗೆ ವೈದ್ಯರ ನೆರವು ಬೇಕಾಗಿದೆ. ತಾನಾಗಿ ಚಿಕಿತ್ಸೆಗೆ ಬಂದವನನ್ನು ಶಿಕ್ಷೆಯಿಂದ ಪಾರುಮಾಡುವ 64ಎ ಎಂಬ ವಿಧಿಯೂ ಅದೇ ಕಾನೂನಿನಲ್ಲಿದೆ. ಎಷ್ಟು ತಂದೆತಾಯಿಗಳಿಗೆ ಅದರ ಹೆಸರು ಗೊತ್ತು? ನನಗೂ ಆ ಹುಡುಗ ಸತ್ತ ಮೇಲೆಯೇ ಗೊತ್ತಾದದ್ದು. ಇನ್ನು, ಮದ್ಯದ ಅಂಗಡಿಯಿಂದ ಬೊಕ್ಕಸ ತುಂಬಿಸಿಕೊಳ್ಳುವ ಸರಕಾರ ಗಾಂಜಾ ಸೇದಿದ ಹುಡುಗನಿಗೆ ನೀತಿ ಹೇಳುವ ಸೊಬಗನ್ನು ಇಲ್ಲಿ ವರ್ಣಿಸಲು ಹೋಗುವುದಿಲ್ಲ.

ನಾನು ಕೇಳುವುದು ಪೋರ್ಚುಗಲ್ಲನ್ನು ಎತ್ತಿ ತಂದು ಇಲ್ಲಿ ನೆಡಬೇಕೆಂದಲ್ಲ. ಅದಕ್ಕೆ ಬೇಕಾದ ಆಸ್ಪತ್ರೆಗಳು ನಮ್ಮಲ್ಲಿಲ್ಲ. ಇಲ್ಲದೆ ಬಿಟ್ಟರೆ ಆರೆಗನ್ನಾಗುತ್ತೇವೆ. ಕೇಳುವುದು ಒಂದು ಸಣ್ಣ ಸಂಗತಿ. ರಸ್ತೆ ಅಪಘಾತದಲ್ಲಿ ಬಿದ್ದವನನ್ನು ಆಸ್ಪತ್ರೆಗೆ ತಂದವನಿಗೆ ಕಿರುಕುಳ ಕೊಡಕೂಡದೆಂದು 2016ರಲ್ಲಿ ಸುಪ್ರೀಂ ಕೋರ್ಟು ಹೇಳಿತು. 2019ರಲ್ಲಿ ಸಂಸತ್ತು ಮೋಟಾರು ವಾಹನಗಳ ಕಾನೂನಿಗೇ ಅದನ್ನು ಸೇರಿಸಿತು. ಅದೇ ರಕ್ಷಣೆಯನ್ನು, ವಿಷವೇರಿದ ಗೆಳೆಯನನ್ನು ಆಸ್ಪತ್ರೆಗೆ ತರುವ ಹುಡುಗನಿಗೂ ಕೊಡಿ. ಅವನೂ ಅದನ್ನೇ ಸೇವಿಸಿದ್ದರೂ, ಅವನ ಜೇಬಿನಲ್ಲಿ ಒಂದು ಚಿಟಿಕೆ ಇದ್ದರೂ ಆ ರಾತ್ರಿಯ ಮಟ್ಟಿಗೆ ಕೇಸು ಬೇಡ. ಕೆನಡಾ 2017ರಲ್ಲಿ ಇಂಥ ಕಾನೂನು ಮಾಡಿದೆ. ಅಮೆರಿಕದ ಬಹುಪಾಲು ಸಂಸ್ಥಾನಗಳೂ ಮಾಡಿವೆ. ಮಾರುವವನಿಗೆ ಇದರಿಂದ ಒಂದು ದಿನದ ಜೈಲೂ ಕಡಿಮೆಯಾಗುವುದಿಲ್ಲ. ಜೊತೆಗೆ ನಾಲೋಕ್ಸೋನ್ ಔಷಧ ಪ್ರತಿಯೊಂದು ಆಂಬುಲೆನ್ಸಿನಲ್ಲೂ ಇರಲಿ, ಜಿಲ್ಲಾ ಆಸ್ಪತ್ರೆಗಳಲ್ಲಿ ವ್ಯಸನಿಗಳಿಗೆಂದು ಹಾಸಿಗೆಗಳಿರಲಿ.

ಈ ಪುರವಣಿ ಭಾನುವಾರ ಆ ಕಲ್ಲುಬೆಂಚಿಗೂ ಬರುತ್ತದೆ. ಇಂಜಿನಿಯರರು ಓದಿ ಬೈಯುತ್ತಾರೆ, ಬೈಯಲಿ. ಅವರಿಗೂ ಕಾಲೇಜಿಗೆ ಹೋಗುವ ಮೊಮ್ಮಗನಿದ್ದಾನೆ. ಒಂದು ರಾತ್ರಿ ಅವನ ಗೆಳೆಯನೊಬ್ಬ ನೆಲಕ್ಕೆ ಬಿದ್ದರೆ, ಆ ಮೊಮ್ಮಗ ಫೋನನ್ನು ಕೈಗೆತ್ತಿಕೊಳ್ಳಬೇಕೋ, ಬಾಗಿಲು ಸರಿಸಿ ಓಡಬೇಕೋ? ಅವರು ಇದಕ್ಕೆ ಉತ್ತರ ಹೇಳಲಿ. ಸಿಂಗಪುರದ ಮಾತನ್ನು ಆಮೇಲೆ ಆಡೋಣ.